ಚಂದಾವೈದ್ಯವೂ ವಿಮೆಯೂ: ಜರಗನಹಳ್ಳಿಯನ್ನು ನಿದರ್ಶನವಾಗಿಟ್ಟುಕೊಂಡು ಒಂದು ವಿಚಾರ

೧. ಪ್ರಸ್ತಾವನೆ

ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ಹೆದ್ದಾರಿಯಲ್ಲಿ, ಸಾರಕ್ಕಿ ಕೆರೆಯ ಮಗ್ಗುಲಲ್ಲಿರುವ ಜರಗನಹಳ್ಳಿಯು ಹೆಸರಿನಿಂದ ಇಂದಿಗೂ ಹಳ್ಳಿಯೇ. ವಾಸ್ತವದಲ್ಲಿ ಅದು ನಗರದ ಒಡಲೊಳಗೆ ಸೇರಿಹೋದ ಒಂದು ಬಡಾವಣೆ. ಅದರ ಸುತ್ತಲೂ ಜಯಪ್ರಕಾಶನಗರದ ಬೀದಿಗಳು ಬೆಳೆದಿವೆ. ಸಮೀಪದ ಯಲಚೇನಹಳ್ಳಿಯವರೆಗೆ ೨೦೧೭ ರಲ್ಲಿ ಮೆಟ್ರೋ ರೈಲೂ ಬಂದಿತು. ಕೆರೆ, ಗದ್ದೆ, ಕಣಗಳನ್ನು ನಂಬಿ ಒಂದೇ ಕಟ್ಟುಪಾಡಿನಲ್ಲಿ ಬಾಳುತ್ತಿದ್ದ ಊರುಗಳು ಹೋಗಿ, ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುವವರು, ಆಟೋ ನಡೆಸುವವರು, ಅಂಗಡಿಯವರು, ನಿವೃತ್ತರು, ಕಂಪ್ಯೂಟರ್ ಕಂಪನಿಗಳ ನೌಕರರು, ಇವರೆಲ್ಲರೂ ಪರಸ್ಪರ ಪರಿಚಯವಿಲ್ಲದೆ ಒಂದೇ ಬೀದಿಯಲ್ಲಿ ವಾಸಿಸುವ ಸ್ಥಿತಿ ನಗರದ ಈ ದಕ್ಷಿಣಭಾಗಕ್ಕೆಲ್ಲ ಒದಗಿದೆ.

ಇಂತಹ ಬೀದಿಯ ಒಂದು ಮನೆಯಲ್ಲಿ ಮಗುವಿಗೆ ಮೂರು ದಿನಗಳಿಂದ ಜ್ವರ. ಅಜ್ಜಿಗೆ ಸಕ್ಕರೆಯ ಕಾಯಿಲೆ. ಮನೆಯ ಯಜಮಾನನಿಗೆ ರಕ್ತದ ಒತ್ತಡ. ಯಜಮಾನನು ವರ್ಷವರ್ಷವೂ ಕಂತು ಕಟ್ಟಿ ಆರೋಗ್ಯವಿಮೆಯ ಪತ್ರವೊಂದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾನೆ. ಆದರೂ ಆ ಮೂವರ ಚಿಕಿತ್ಸೆಗೂ ಆತನು ಕೈಯಿಂದಲೇ ಹಣ ತೆರಬೇಕಾಗಿದೆ. ಏಕೆಂದರೆ ನಮ್ಮ ದೇಶದ ಸಾಮಾನ್ಯ ಆರೋಗ್ಯವಿಮೆಯು ರೋಗಿಯು ಆಸ್ಪತ್ರೆಯಲ್ಲಿ ಮಲಗಿದಾಗ ಮಾತ್ರ ಎಚ್ಚರಗೊಳ್ಳುವುದು. ಆತನು ನಡೆದುಬಂದು ವೈದ್ಯನ ಮುಂದೆ ಕುಳಿತಾಗ ಅದು ನಿದ್ರಿಸುವುದು. ಆದುದರಿಂದಲೇ ಬಡವನು ಜ್ವರಕ್ಕೆ ವೈದ್ಯನ ಬಳಿಗೆ ಹೋಗದೆ ಔಷಧದ ಅಂಗಡಿಗೆ ಹೋಗುವನು. ರಕ್ತದ ಒತ್ತಡದ ಗುಳಿಗೆಯನ್ನು ತಿಂಗಳ ಕೊನೆಯಲ್ಲಿ ನಿಲ್ಲಿಸುವನು. ಕೊನೆಗೆ ಪಾರ್ಶ್ವವಾಯು ಬಡಿದು ಆಸ್ಪತ್ರೆಯನ್ನು ಸೇರಿದ ಮೇಲೆ ವಿಮೆಯು ಆತನ ನೆರವಿಗೆ ಬರುವುದು. ಕಿರಿದರಲ್ಲಿ ತಡೆಯಬಹುದಾಗಿದ್ದ ಕೇಡನ್ನು ಹಿರಿದಾಗಲು ಬಿಟ್ಟು ಆಮೇಲೆ ಪರಿಹಾರ ಕೊಡುವ ಈ ಕ್ರಮವು ವಿಚಾರಾರ್ಹವಾದುದು.

ಭಾರತ ಸರ್ಕಾರದ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳ ಪ್ರಕಾರ, ದೇಶದ ಒಟ್ಟು ಆರೋಗ್ಯವೆಚ್ಚದಲ್ಲಿ ಜನರು ನೇರವಾಗಿ ಕೈಯಿಂದ ತೆರುವ ಭಾಗವು ೨೦೧೩-೧೪ ರಲ್ಲಿ ನೂರಕ್ಕೆ ೬೪.೨ ಇದ್ದುದು ೨೦೨೧-೨೨ ರಲ್ಲಿ ೩೯.೪ ಕ್ಕೆ ಇಳಿದಿದೆ. ಇಳಿಕೆಯು ಸಂತೋಷಕರವೇ. ಆದರೂ ನೂರು ರೂಪಾಯಿಗೆ ಸುಮಾರು ನಲವತ್ತು ರೂಪಾಯಿ ರೋಗಿಯ ಜೇಬಿನಿಂದಲೇ ಬರುತ್ತಿರುವುದು ಸಾಮಾನ್ಯ ಭಾರವಲ್ಲ.

ಈ ಕೊರತೆಗೆ ಉತ್ತರವಾಗಿ ಈಚೆಗೆ ಪಾಶ್ಚಾತ್ಯ ದೇಶಗಳಲ್ಲಿಯೂ ಬೆಂಗಳೂರಿನಂತಹ ನಗರಗಳಲ್ಲಿಯೂ ಒಂದು ಪದ್ಧತಿ ತಲೆಯೆತ್ತಿದೆ. ಮನೆಯವರು ತಿಂಗಳಿಗೋ ವರ್ಷಕ್ಕೋ ಇಷ್ಟೆಂದು ಚಂದಾ ಕೊಟ್ಟು ಒಬ್ಬ ವೈದ್ಯನ ಅಥವಾ ಒಂದು ಚಿಕಿತ್ಸಾಲಯದ ಸದಸ್ಯರಾಗುವರು. ಆಮೇಲೆ ಎಷ್ಟು ಸಲ ಹೋದರೂ ಬೇರೆ ಶುಲ್ಕವಿಲ್ಲ. ಇದನ್ನು ಪ್ರಕೃತದಲ್ಲಿ ‘ಚಂದಾವೈದ್ಯ’ ಎಂದು ಕರೆಯಬಹುದು. ಇದು ವಿಮೆಗೆ ಬದಲಾಗಬಲ್ಲುದೇ, ಇದು ನಿಜವಾಗಿಯೂ ಹೊಸದೇ, ಸಾಮಾನ್ಯ ಸಂಸಾರಿಗೆ ಇದರಿಂದ ಹಿತವುಂಟೇ ಎಂಬ ಮೂರು ಪ್ರಶ್ನೆಗಳೇ ಈ ಲೇಖನದ ವಿಷಯ.

೨. ಎರಡರ ಸ್ವರೂಪಭೇದ

‘ವಿಮೆ’ ಎಂಬ ಶಬ್ದವೂ ‘ಚಂದಾ’ ಎಂಬ ಶಬ್ದವೂ ಪಾರಸಿಯಿಂದ ಬಂದು ಕನ್ನಡದಲ್ಲಿ ಬೇರೂರಿದವುಗಳು. ಶಬ್ದಗಳು ಹೊರಗಿನವಾದರೂ ಅವುಗಳ ಅರ್ಥಗಳು ನಮ್ಮ ಧರ್ಮಶಾಸ್ತ್ರಕ್ಕೆ ಅಪರಿಚಿತವಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯಿಂದ ಬೆಳಗಿದ ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಮೂರು ಪ್ರಕರಣಗಳು ಇಲ್ಲಿ ಉಪಯುಕ್ತವಾಗಿವೆ. ಹಲವರು ಕೂಡಿ ಬಂಡವಾಳ ಹಾಕಿ ಲಾಭನಷ್ಟಗಳನ್ನು ಹಂಚಿಕೊಳ್ಳುವುದು ಸಂಭೂಯಸಮುತ್ಥಾನ. ಕೂಲಿ ಸಂಬಳಗಳ ಕೊಡುಕೊಳ್ಳುವಿಕೆಯ ವಿವಾದ ವೇತನಾದಾನ. ಸಮೂಹವು ತಾನೇ ಮಾಡಿಕೊಂಡ ಕಟ್ಟುಪಾಡನ್ನು ಮೀರುವುದು ಸಂವಿದ್ವ್ಯತಿಕ್ರಮ. ವಿಮೆಯಲ್ಲಿ ಇರುವ ಹಂಚಿಕೆಯ ತತ್ತ್ವವು ಮೊದಲನೆಯದಕ್ಕೆ ಸಮೀಪವಾದುದು. ಚಂದಾವೈದ್ಯವಾದರೋ ಎರಡನೆಯ ಮತ್ತು ಮೂರನೆಯ ಪ್ರಕರಣಗಳಿಗೆ ಸೇರತಕ್ಕುದು. ಅದು ಒಬ್ಬನ ಸೇವೆಗೆ ಹಲವರು ಕೂಡಿ ಕೊಡುವ ಗೊತ್ತಾದ ಸಂಬಳ. ಈ ಭೇದವನ್ನು ಮರೆತರೆ ಮುಂದಿನ ವಿಚಾರವೆಲ್ಲ ಗೊಂದಲವಾಗುವುದು.

ವಿಮೆಯು ಸಾರ್ಥಕವಾಗಬೇಕಾದರೆ ಕೇಡು ಮೂರು ಲಕ್ಷಣಗಳಿಂದ ಕೂಡಿರಬೇಕು: ಅದು ಅಪರೂಪವಾಗಿರಬೇಕು, ಯಾರಿಗೆ ಬರುವುದೆಂದು ಮೊದಲೇ ತಿಳಿಯದಂತಿರಬೇಕು, ಬಂದಾಗ ಒಬ್ಬನಿಂದ ತಡೆದುಕೊಳ್ಳಲಾಗದಷ್ಟು ದೊಡ್ಡದಾಗಿರಬೇಕು. ಇದನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಒಂದು ಸಾವಿರ ಮನೆಗಳಿವೆಯೆಂದೂ, ವರ್ಷಕ್ಕೆ ಅವುಗಳಲ್ಲಿ ಹತ್ತು ಮನೆಗಳಿಗೆ ತಲಾ ಮೂರು ಲಕ್ಷ ರೂಪಾಯಿಯ ಶಸ್ತ್ರಚಿಕಿತ್ಸೆ ಬೇಕಾಗುವುದೆಂದೂ ಇಟ್ಟುಕೊಂಡರೆ, ಒಟ್ಟು ವೆಚ್ಚ ಮೂವತ್ತು ಲಕ್ಷ. ಮನೆಗೆ ಮೂರು ಸಾವಿರ. ಮೂರು ಸಾವಿರವನ್ನು ಕಳೆದುಕೊಂಡು ಮೂರು ಲಕ್ಷದ ಭಯದಿಂದ ಪಾರಾಗುವುದು ಜಾಣತನ. ಕಂಪನಿಯವರು ತಮ್ಮ ಖರ್ಚಿಗೆಂದು ಇನ್ನೊಂದು ಸಾವಿರ ಸೇರಿಸಿಕೊಂಡರೂ ಅದು ನಷ್ಟದ ವ್ಯಾಪಾರವಲ್ಲ.

ಇನ್ನು ನಿತ್ಯದ ಕಾಯಿಲೆಗಳನ್ನು ನೋಡಬೇಕು. ಜ್ವರ, ಕೆಮ್ಮು, ಹೊಟ್ಟೆನೋವು, ಸಕ್ಕರೆ, ಒತ್ತಡ ಇವು ಎಲ್ಲ ಮನೆಗಳಿಗೂ ಬರುವುವು. ಮನೆಗೆ ವರ್ಷಕ್ಕೆ ನಾಲ್ಕು ಸಾವಿರ ವೆಚ್ಚವೆಂದರೆ ಸಾವಿರ ಮನೆಗಳಿಗೆ ನಲವತ್ತು ಲಕ್ಷ. ಇದನ್ನು ವಿಮೆಯ ಮೂಲಕ ಹಾಯಿಸಿದರೆ ಮನೆಯವನು ತನ್ನ ನಾಲ್ಕು ಸಾವಿರವನ್ನೇ ಕೊಡುವುದಲ್ಲದೆ, ನೂರು ರೂಪಾಯಿಯ ಒಂದೊಂದು ಚೀಟಿಯನ್ನೂ ಪರಿಶೀಲಿಸುವ ಗುಮಾಸ್ತರ ಸಂಬಳವನ್ನೂ ಕೊಡಬೇಕಾಗುವುದು. ಎಲ್ಲರಿಗೂ ತಪ್ಪದೆ ಬರುವುದನ್ನು ಹಂಚಿಕೊಳ್ಳುವುದರಿಂದ ಯಾರ ಭಾರವೂ ಇಳಿಯದು. ವಿಮಾ ಕಂಪನಿಗಳು ಸಣ್ಣ ಚಿಕಿತ್ಸೆಯನ್ನು ದೂರವಿಟ್ಟಿರುವುದಕ್ಕೆ ಲೋಭವೊಂದೇ ಕಾರಣವಲ್ಲ. ಆ ಉಪಕರಣವು ಆ ಕೆಲಸಕ್ಕೆ ಹೊಂದದಿರುವುದೂ ಕಾರಣ.

ಅದೇ ಸಾವಿರ ಮನೆಗಳು ತಲಾ ಮೂರು ಸಾವಿರ ಕೂಡಿಸಿ ಒಬ್ಬ ವೈದ್ಯನನ್ನೂ, ಒಬ್ಬ ದಾದಿಯನ್ನೂ, ಔಷಧ ಕೊಡುವವನೊಬ್ಬನನ್ನೂ ನೇಮಿಸಿಕೊಂಡರೆ, ಮೂವತ್ತು ಲಕ್ಷದಲ್ಲಿ ಸಂಬಳ, ಬಾಡಿಗೆ, ಸಾಮಾನ್ಯ ಔಷಧ ಇಷ್ಟನ್ನೂ ತೂಗಿಸಿಕೊಳ್ಳುವುದು ಅಸಾಧ್ಯವಲ್ಲ. ಇಲ್ಲಿ ಚೀಟಿಯಿಲ್ಲ, ಪರಿಶೀಲನೆಯಿಲ್ಲ, ‘ಇದು ಸೇರುವುದು, ಇದು ಸೇರದು’ ಎಂಬ ವಾದವಿಲ್ಲ. ಆದರೆ ಇಲ್ಲಿಯೂ ಒಂದು ಮಿತಿಯುಂಟು. ಮನೆಗೆ ನಾಲ್ಕು ಜನರಂತೆ ನಾಲ್ಕು ಸಾವಿರ ಜನ. ಒಬ್ಬೊಬ್ಬರು ವರ್ಷಕ್ಕೆ ಮೂರು ನಾಲ್ಕು ಸಲ ಬಂದರೆ, ಮುನ್ನೂರು ಕೆಲಸದ ದಿನಗಳಲ್ಲಿ ದಿನಕ್ಕೆ ನಲವತ್ತರಿಂದ ಐವತ್ತು ರೋಗಿಗಳು. ಒಬ್ಬ ವೈದ್ಯನು ಮನಸ್ಸಿಟ್ಟು ನೋಡಬಹುದಾದ ಸಂಖ್ಯೆಯ ಮೇರೆ ಇದು. ಸದಸ್ಯರ ಸಂಖ್ಯೆಯನ್ನು ಇದಕ್ಕಿಂತ ಹೆಚ್ಚಿಸಿದರೆ ಚಂದಾ ಬೆಳೆಯುವುದು, ಚಿಕಿತ್ಸೆ ಸವೆಯುವುದು.

ಚರಕಾಚಾರ್ಯನು ಆಯುರ್ವೇದಕ್ಕೆ ಎರಡು ಪ್ರಯೋಜನಗಳನ್ನು ಹೇಳಿ, ಸ್ವಸ್ಥನ ಸ್ವಾಸ್ಥ್ಯರಕ್ಷಣೆಯನ್ನು ಮೊದಲಿಟ್ಟು, ರೋಗಿಯ ರೋಗಶಮನವನ್ನು ಆಮೇಲೆ ಇಟ್ಟಿರುವನು. ರೋಗಿ ಬಂದಾಗಲೆಲ್ಲ ಶುಲ್ಕ ಪಡೆಯುವ ವೈದ್ಯನಿಗೆ ಎರಡನೆಯದರಿಂದ ಮಾತ್ರ ಜೀವನ. ಮೊದಲನೆಯದನ್ನು ಸಾಧಿಸಿದಷ್ಟೂ ಆತನ ಆದಾಯ ಇಳಿಯುವುದು. ವಿಮೆಯು ಎರಡನೆಯದರಲ್ಲಿಯೂ ಕೊನೆಯ ಘಟ್ಟವನ್ನು ಮಾತ್ರ ಬಲ್ಲುದು. ಗೊತ್ತಾದ ಚಂದಾ ಪಡೆಯುವ ವೈದ್ಯನಿಗೆ ಮಾತ್ರ ಎರಡು ಪ್ರಯೋಜನಗಳೂ ಒಂದೇ ದಾರಿಯಲ್ಲಿರುವುವು. ಆತನ ಸದಸ್ಯರು ಆರೋಗ್ಯವಾಗಿದ್ದಷ್ಟೂ ಆತನಿಗೆ ಶ್ರಮ ಕಡಿಮೆ. ಚಂದಾವೈದ್ಯದ ಮುಖ್ಯ ಗುಣವಿರುವುದು ಇಲ್ಲಿ.

೩. ಪೂರ್ವದ ಕಟ್ಟುಪಾಡುಗಳು

ಗೊತ್ತಾದ ಸೇವೆಗೆ ಗೊತ್ತಾದ ವಾರ್ಷಿಕ ಪಾಲನ್ನು ಕೊಡುವುದು ಕನ್ನಡನಾಡಿನ ಹಳ್ಳಿಗಳ ಬೆನ್ನೆಲುಬಾಗಿದ್ದಿತು. ಆಯಗಾರರೆಂಬ ಹೆಸರೇ ಇದಕ್ಕೆ ಸಾಕ್ಷಿ. ‘ಆಯ’ವೆಂದರೆ ಸುಗ್ಗಿಯಲ್ಲಿ ಕಣದಲ್ಲಿಯೇ ಅಳೆದುಕೊಡುವ ಧಾನ್ಯದ ಪಾಲು. ತಳವಾರ, ತೋಟಿ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ ಮುಂತಾಗಿ ಹನ್ನೆರಡು ಆಯಗಾರರನ್ನು ಎಣಿಸುವುದು ರೂಢಿ. ಕೆರೆಯ ತೂಬನ್ನು ಕಾಯುವ ನೀರುಗಂಟಿಯು ತೂಬು ಎತ್ತಿದ ಲೆಕ್ಕದಿಂದ ಕೂಲಿ ಪಡೆಯುತ್ತಿರಲಿಲ್ಲ. ಕಮ್ಮಾರನು ಕುಳ ಹದಮಾಡಿದಾಗಲೆಲ್ಲ ಕೈಚಾಚುತ್ತಿರಲಿಲ್ಲ. ವರ್ಷದ ಕೆಲಸಕ್ಕೆ ವರ್ಷದ ಆಯ. ಕ್ಷೌರಿಕನು ಕತ್ತಿಯ ಕೆಲಸದೊಡನೆ ಕುರು ಕೊಯ್ಯುವುದು ಮೊದಲಾದ ಸಣ್ಣ ಶಸ್ತ್ರಚಿಕಿತ್ಸೆಯನ್ನೂ, ಎಷ್ಟೋ ಕಡೆಗಳಲ್ಲಿ ಆತನ ಮನೆಯ ಹೆಂಗಸರು ಸೂಲಗಿತ್ತಿಯ ಕೆಲಸವನ್ನೂ ಮಾಡುತ್ತಿದ್ದುದರಿಂದ, ಊರಿನ ಪ್ರಥಮಚಿಕಿತ್ಸೆಯ ಒಂದು ಅಂಶವು ಈ ಆಯದೊಳಗೇ ಅಡಗಿದ್ದಿತು.

ವಿದ್ಯಾವಂತರಾದ ವೈದ್ಯರಿಗೆ ಇದೇ ತತ್ತ್ವವು ವೃತ್ತಿಯ ರೂಪದಲ್ಲಿ ಸಲ್ಲುತ್ತಿದ್ದಿತು. ‘ವೃತ್ತಿ’ ಎಂದರೆ ಇಂದಿನಂತೆ ಉದ್ಯೋಗವೆಂಬ ಅರ್ಥವಲ್ಲ. ಜೀವನೋಪಾಯಕ್ಕಾಗಿ ಬಿಟ್ಟುಕೊಟ್ಟ ಭೂಮಿ ಅಥವಾ ಧಾನ್ಯದ ಭಾಗ. ನೆರೆಯ ತಮಿಳುನಾಡಿನ ತಿರುಮುಕ್ಕೂಡಲಿನಲ್ಲಿ, ಚಾಲುಕ್ಯರೊಡನೆ ಹೋರಾಡಿದ ಚೋಳರಾಜ ವೀರರಾಜೇಂದ್ರನ ಹನ್ನೊಂದನೆಯ ಶತಮಾನದ ಶಾಸನವು ಇದರ ವಿವರವನ್ನು ತಿಳಿಸುವುದು. ಅಲ್ಲಿಯ ದೇವಾಲಯಕ್ಕೆ ಸೇರಿದ ಆತುರಶಾಲೆಯಲ್ಲಿ ೧೫ ಹಾಸಿಗೆಗಳಿದ್ದುವು. ವೈದ್ಯನಿಗೂ, ಶಸ್ತ್ರಚಿಕಿತ್ಸಕನಿಗೂ, ಮೂಲಿಕೆ ತರುವವರಿಗೂ, ಶುಶ್ರೂಷೆಯ ಹೆಂಗಸರಿಗೂ ವರ್ಷಕ್ಕೆ ಇಷ್ಟು ಬತ್ತ, ಇಷ್ಟು ಕಾಸು ಎಂದು ಗೊತ್ತುಮಾಡಿದ್ದಿತು. ಚಿಕಿತ್ಸೆ ಪಡೆಯತಕ್ಕವರು ಅಲ್ಲಿಯ ವಿದ್ಯಾಶಾಲೆಯವರೂ ದೇವಾಲಯದ ಪರಿಚಾರಕರೂ ಆಗಿದ್ದರು. ಎಂದರೆ ಸೇವೆಗೆ ಅರ್ಹರಾದ ಒಂದು ಗೊತ್ತಾದ ಸಮೂಹವೂ ಸೇವಕನಿಗೆ ಗೊತ್ತಾದ ವೇತನವೂ ಎರಡೂ ಅಲ್ಲಿದ್ದುವು.

ಇದಕ್ಕೆ ಎದುರಾಗಿ ಬಳ್ಳಿಗಾವೆಯ ಕೋಡಿಯಮಠವನ್ನು ನೋಡಬೇಕು. ೧೧೬೨ ರ ಶಾಸನವು ಆ ಮಠವನ್ನು ವಿದ್ಯಾಸ್ಥಾನವೆಂದೂ ಅನ್ನದಾನದ ಸ್ಥಾನವೆಂದೂ ಹೊಗಳುವುದರೊಂದಿಗೆ, ಅನಾಥರಾದ ನಾನಾ ಬಗೆಯ ರೋಗಿಗಳಿಗೆ ಚಿಕಿತ್ಸೆ ದೊರೆಯುವ ಸ್ಥಾನವೆಂದೂ ವರ್ಣಿಸುವುದು. ಅಲ್ಲಿ ಸದಸ್ಯತ್ವದ ಮಾತಿಲ್ಲ. ಯಾವ ಸಮೂಹಕ್ಕೂ ಸೇರದವನಿಗೇ ಆ ಬಾಗಿಲು ತೆರೆದಿದ್ದಿತು. ತಿರುಮುಕ್ಕೂಡಲಿನದು ಸಮೂಹದ ಧರ್ಮ, ಕೋಡಿಯಮಠದ್ದು ದಾನದ ಧರ್ಮ. ಮೊದಲನೆಯದು ತನ್ನವರನ್ನು ಕಾಯುವುದು, ಎರಡನೆಯದು ಯಾರವರೂ ಅಲ್ಲದವರನ್ನು ಕಾಯುವುದು. ಒಂದರಿಂದ ಇನ್ನೊಂದರ ಕೆಲಸವಾಗದು.

ಆಯದ ಪದ್ಧತಿಯನ್ನು ಕೇವಲ ಹೊಗಳುವುದು ನ್ಯಾಯವಲ್ಲ. ಅದರಲ್ಲಿ ಕೆಲಸವು ಹುಟ್ಟಿನಿಂದ ಅಂಟಿಕೊಂಡುದು; ಬಿಡುವ ಸ್ವಾತಂತ್ರ್ಯ ಕೆಲಸಗಾರನಿಗಿರಲಿಲ್ಲ; ಕೆಳಗಿನವರೆನಿಸಿದವರಿಗೆ ಸೇವೆಯೂ ಪಾಲೂ ಕಡೆಯಲ್ಲಿ ದೊರೆಯುತ್ತಿದ್ದುವು. ೧೯೬೧ ರ ಕರ್ನಾಟಕ ಗ್ರಾಮಾಧಿಕಾರಗಳ ರದ್ದಿಯಾತಿ ಶಾಸನವು ವಂಶಪಾರಂಪರ್ಯದ ಹಳ್ಳಿಯ ಹುದ್ದೆಗಳನ್ನು ತೆಗೆದುಹಾಕಿದುದು ಯುಕ್ತವೇ. ಆದರೆ ಜಾತಿಯ ಬಂಧನವನ್ನು ಕಳಚಿ ನೋಡಿದರೆ ಉಳಿಯುವ ತತ್ತ್ವವು ಗ್ರಾಹ್ಯವಾದುದು: ದಿನವೂ ಬೇಕಾಗುವ ಸೇವೆಗೆ ಎಣಿಕೆಯ ಕೂಲಿಗಿಂತ ವರ್ಷದ ಪಾಲು ಲೇಸು.

೪. ಆಧುನಿಕ ನಿದರ್ಶನಗಳು

ಈ ತತ್ತ್ವವು ಯಂತ್ರಯುಗದಲ್ಲಿ ಮತ್ತೆ ಕಾಣಿಸಿಕೊಂಡುದು ಕಾರ್ಮಿಕರ ನಡುವೆ. ಬ್ರಿಟನ್ನಿನ ವೇಲ್ಸ್ ಪ್ರಾಂತದ ಟ್ರೆಡೆಗರ್ ಎಂಬ ಊರಿನಲ್ಲಿ ಗಣಿ ಮತ್ತು ಉಕ್ಕಿನ ಕೆಲಸಗಾರರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ತಮ್ಮ ವೇತನದ ಪ್ರತಿ ಪೌಂಡಿಗೆ ಕೆಲವು ಪೆನ್ನಿಗಳನ್ನು ಕೂಡಿಸಿ ವೈದ್ಯರನ್ನು ನೇಮಿಸಿಕೊಂಡಿದ್ದರು. ಆ ಊರಿನಲ್ಲಿಯೇ ಹುಟ್ಟಿದ ಅನ್ಯೂರಿನ್ ಬೆವನ್ ಮಂತ್ರಿಯಾದಾಗ, ೧೯೪೮ ರ ಜುಲೈ ೫ ರಂದು ಆ ದೇಶಕ್ಕೆಲ್ಲ ರಾಷ್ಟ್ರೀಯ ಆರೋಗ್ಯಸೇವೆ ಆರಂಭವಾಯಿತು. ಅಲ್ಲಿ ಇಂದಿಗೂ ಪ್ರತಿಯೊಬ್ಬರೂ ಒಬ್ಬ ಸಾಮಾನ್ಯ ವೈದ್ಯನ ಪಟ್ಟಿಯಲ್ಲಿ ಹೆಸರು ಬರೆಯಿಸಿರುವರು. ಚಿಕಿತ್ಸಾಲಯದ ಆದಾಯದ ಹೆಚ್ಚಿನ ಭಾಗವು ರೋಗಿ ಬಂದ ಲೆಕ್ಕದಿಂದಲ್ಲ, ಪಟ್ಟಿಯಲ್ಲಿರುವ ತಲೆಯ ಲೆಕ್ಕದಿಂದ ಸಲ್ಲುವುದು. ಚಂದಾದ ಬದಲಿಗೆ ತೆರಿಗೆ ಬಂದಿತು. ಆಯದ ತತ್ತ್ವವು ಉಳಿಯಿತು.

ಅದೇ ೧೯೪೮ ರಲ್ಲಿ ಭಾರತದಲ್ಲಿ ನೌಕರರ ರಾಜ್ಯವಿಮಾ ಶಾಸನವಾಯಿತು. ಯೋಜನೆಯು ೧೯೫೨ ರ ಫೆಬ್ರವರಿಯಲ್ಲಿ ಕಾನ್ಪುರ ಮತ್ತು ದೆಹಲಿಗಳಲ್ಲಿ ಆರಂಭವಾಗಿ, ೧೯೫೮ ರಲ್ಲಿ ಬೆಂಗಳೂರಿಗೆ ಬಂದಿತು. ಇ.ಎಸ್.ಐ. ಎಂದು ಜನರು ಕರೆಯುವ ಇದರ ಹೆಸರಿನಲ್ಲಿ ವಿಮೆಯ ಶಬ್ದವಿದ್ದರೂ ವೈದ್ಯದ ಭಾಗದಲ್ಲಿ ಇದರ ಸ್ವಭಾವ ಚಂದಾವೈದ್ಯದ್ದು. ೨೦೧೯ ರ ಜುಲೈಯಿಂದ ಕಾರ್ಮಿಕನ ವೇತನದಲ್ಲಿ ನೂರಕ್ಕೆ ೦.೭೫, ಮಾಲೀಕನಿಂದ ೩.೨೫ ಸಂಗ್ರಹವಾಗುವುದು, ಕಾರ್ಮಿಕನೂ ಆತನ ಕುಟುಂಬವೂ ಜ್ವರಕ್ಕೂ ದವಾಖಾನೆಗೆ ಹೋಗಬಹುದು, ಶಸ್ತ್ರಚಿಕಿತ್ಸೆಗೂ ಆಸ್ಪತ್ರೆಗೆ ಹೋಗಬಹುದು. ಐದು ವರ್ಷ ಸೇವೆಯಲ್ಲಿ ವಿಮೆಯಿದ್ದು ನಿವೃತ್ತನಾದವನು ವರ್ಷಕ್ಕೆ ೧೨೦ ರೂಪಾಯಿ ಕಟ್ಟಿ ತಾನೂ ತನ್ನ ಪತ್ನಿಯೂ ಚಿಕಿತ್ಸೆ ಪಡೆಯುವ ಏರ್ಪಾಡೂ ಇದರಲ್ಲಿದೆ. ತಿಂಗಳಿಗೆ ಹತ್ತು ರೂಪಾಯಿಯ ಈ ಚಂದಾದ ವಿಷಯವು ಅನೇಕ ನಿವೃತ್ತ ಕಾರ್ಮಿಕರಿಗೆ ತಿಳಿಯದೇ ಹೋಗುವುದು ವಿಷಾದಕರ.

೧೯೫೪ ರಲ್ಲಿ ದೆಹಲಿಯಲ್ಲಿ ಹುಟ್ಟಿ ೧೯೭೬ ರಲ್ಲಿ ಬೆಂಗಳೂರಿಗೆ ಬಂದ ಕೇಂದ್ರಸರ್ಕಾರದ ನೌಕರರ ಆರೋಗ್ಯಯೋಜನೆಯು ಇನ್ನೂ ಸ್ಫುಟವಾದ ಉದಾಹರಣೆ. ನೌಕರನ ವೇತನಶ್ರೇಣಿಯಂತೆ ತಿಂಗಳಿಗೆ ೨೫೦, ೪೫೦, ೬೫೦ ಅಥವಾ ೧,೦೦೦ ರೂಪಾಯಿ ಚಂದಾ. ಕುಟುಂಬಕ್ಕೆಲ್ಲ ದವಾಖಾನೆಯ ಸೇವೆ. ನಿವೃತ್ತನಾದವನು ಹತ್ತು ವರ್ಷದ ಚಂದಾವನ್ನು ಒಂದೇ ಸಲ ಕಟ್ಟಿದರೆ ಜೀವಮಾನವೆಲ್ಲ ಸದಸ್ಯ. ಉಳ್ಳವನು ಹೆಚ್ಚು ಕೊಟ್ಟು ಇಲ್ಲದವನು ಕಡಿಮೆ ಕೊಟ್ಟು ಇಬ್ಬರೂ ಒಂದೇ ವೈದ್ಯನ ಮುಂದೆ ಕೂರುವುದು ಇದರ ವಿಶೇಷ.

ಬಡ ಸಮೂಹಗಳಲ್ಲಿಯೂ ಪ್ರಯತ್ನಗಳು ನಡೆದಿವೆ. ಮದ್ರಾಸಿನಲ್ಲಿ ವೈದ್ಯ ಕೆ. ಎಸ್. ಸಂಜೀವಿಯವರು ೧೯೫೮ ರಲ್ಲಿ ಸ್ಥಾಪಿಸಿದ ಸ್ವಯಂಸೇವಾ ಆರೋಗ್ಯಸಂಸ್ಥೆಯು, ಕುಟುಂಬದ ಆದಾಯಕ್ಕೆ ತಕ್ಕ ವಾರ್ಷಿಕ ಚಂದಾದ ಪದ್ಧತಿಯನ್ನು ನಡೆಸಿತು. ವರ್ಧಾ ಬಳಿಯ ಸೇವಾಗ್ರಾಮದ ಕಸ್ತೂರಬಾ ಆಸ್ಪತ್ರೆಯವರು ಸುಗ್ಗಿಯಲ್ಲಿ ಹಳ್ಳಿಗರಿಂದ ಜೋಳವನ್ನೇ ಚಂದಾವಾಗಿ ಪಡೆದರು. ಇಲ್ಲಿ ಆಯವು ಹೆಸರನ್ನು ಬಿಟ್ಟು ಮಿಕ್ಕೆಲ್ಲದರಲ್ಲಿಯೂ ಮರುಹುಟ್ಟು ಪಡೆದಂತಾಯಿತು.

ಕರ್ನಾಟಕದಲ್ಲಿ ಅತ್ಯಂತ ಪ್ರಸಿದ್ಧವಾದುದು ಯಶಸ್ವಿನಿ. ಹೃದಯವೈದ್ಯ ದೇವಿ ಶೆಟ್ಟಿಯವರ ಪ್ರೇರಣೆಯಿಂದ, ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ ೨೦೦೨ ರ ನವೆಂಬರಿನಲ್ಲಿ ಉದ್ಘಾಟನೆಗೊಂಡು ೨೦೦೩ ರ ಜೂನಿನಿಂದ ನಡೆದ ಈ ಯೋಜನೆಯು ಸಹಕಾರ ಸಂಘಗಳ ಸದಸ್ಯರಿಗಾಗಿ ಹುಟ್ಟಿದುದು. ಮೊದಲ ವರ್ಷದ ಚಂದಾ ತಲೆಗೆ ೬೦ ರೂಪಾಯಿ, ಎಂದರೆ ತಿಂಗಳಿಗೆ ಐದು ರೂಪಾಯಿ. ೨೦೧೮ ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಲೀನವಾದ ಯಶಸ್ವಿನಿಯು ಸಹಕಾರಿಗಳ ಒತ್ತಾಯದಿಂದ ೨೦೨೨-೨೩ ರಲ್ಲಿ ಮರಳಿ ಬಂದಿತು. ಆಗ ನಾಲ್ಕು ಜನರ ಗ್ರಾಮಾಂತರ ಕುಟುಂಬಕ್ಕೆ ವರ್ಷಕ್ಕೆ ೫೦೦ ರೂಪಾಯಿ, ನಗರದ ಕುಟುಂಬಕ್ಕೆ ೧,೦೦೦ ರೂಪಾಯಿ ಎಂದು ಗೊತ್ತಾಯಿತು. ಇಲ್ಲಿ ಒಂದು ಸೂಕ್ಷ್ಮವುಂಟು. ಯಶಸ್ವಿನಿಯು ಸದಸ್ಯತ್ವದಿಂದ ಹುಟ್ಟಿದರೂ ಅದರ ಸಾರವು ಶಸ್ತ್ರಚಿಕಿತ್ಸೆ. ಆದುದರಿಂದ ಅದು ರೂಪದಲ್ಲಿ ಚಂದಾ, ಸ್ವಭಾವದಲ್ಲಿ ವಿಮೆ. ಇ.ಎಸ್.ಐ. ಹೆಸರಿನಲ್ಲಿ ವಿಮೆ, ಸ್ವಭಾವದಲ್ಲಿ ಬಹುಮಟ್ಟಿಗೆ ಚಂದಾವೈದ್ಯ. ಹೆಸರನ್ನು ನೋಡಿ ವಸ್ತುವನ್ನು ನಿಶ್ಚಯಿಸಬಾರದೆಂಬುದಕ್ಕೆ ಇವೆರಡೂ ಸಾಕ್ಷಿ.

ಅಮೆರಿಕದಲ್ಲಿ ವಿಮಾ ಕಂಪನಿಗಳ ಕಾಗದಪತ್ರದಿಂದ ಬೇಸತ್ತ ವೈದ್ಯರು ನೇರ ಚಂದಾದ ಚಿಕಿತ್ಸಾಲಯಗಳನ್ನು ತೆರೆದರು. ಸಾಮಾನ್ಯ ಪದ್ಧತಿಯಲ್ಲಿ ಎರಡು ಸಾವಿರಕ್ಕೂ ಮಿಕ್ಕು ರೋಗಿಗಳನ್ನು ನೋಡಿಕೊಳ್ಳುವ ವೈದ್ಯನು ಈ ಪದ್ಧತಿಯಲ್ಲಿ ಆರು ಏಳು ನೂರು ಸದಸ್ಯರನ್ನು ಮಾತ್ರ ಇಟ್ಟುಕೊಂಡು ನಿಧಾನವಾಗಿ ಮಾತನಾಡುವನು. ೨೦೨೫ ರ ಜುಲೈಯಲ್ಲಿ ಆದ ಶಾಸನವು ತಿಂಗಳಿಗೆ ೧೫೦ ಡಾಲರಿನವರೆಗಿನ ಇಂತಹ ಚಂದಾವನ್ನು ತೆರಿಗೆಯಿಲ್ಲದ ಆರೋಗ್ಯಸಂಚಯದಿಂದ ಕೊಡಲು ೨೦೨೬ ರ ಜನವರಿಯಿಂದ ಅವಕಾಶ ಮಾಡಿತು. ಆದರೆ ೨೦೦೭ ರಲ್ಲಿ ಸಿಯಾಟಲ್ ನಗರದಲ್ಲಿ ಈ ಪದ್ಧತಿಗೆ ಮೇಲ್ಪಂಕ್ತಿಯೆನಿಸಿದ್ದ ಕ್ಲಿಯಾನ್ಸ್ ಎಂಬ ಸಂಸ್ಥೆಯು ೨೦೧೭ ರಲ್ಲಿ ಬಾಗಿಲು ಮುಚ್ಚಿದುದನ್ನೂ ಮರೆಯಲಾಗದು.

೫. ಆಕ್ಷೇಪಗಳು, ಸಮಾಧಾನಗಳು

ಮೊದಲನೆಯ ಆಕ್ಷೇಪ: ಶುಲ್ಕವಿಲ್ಲವೆಂದರೆ ಜನರು ಸುಮ್ಮಸುಮ್ಮನೆ ವೈದ್ಯನ ಬಾಗಿಲಿಗೆ ಬರುವರು. ಇದಕ್ಕೆ ಅಮೆರಿಕದ ರ‍್ಯಾಂಡ್ ಸಂಸ್ಥೆಯವರು ೧೯೭೦ ರ ದಶಕದಲ್ಲಿ ಆರಂಭಿಸಿ ೧೯೮೨ ರವರೆಗೆ ನಡೆಸಿದ ಪ್ರಸಿದ್ಧ ಪ್ರಯೋಗವು ಉತ್ತರ ಕೊಡುವುದು. ಕೈಯಿಂದ ಹಣ ತೆರಬೇಕಾದವರು ಉಚಿತವಾಗಿ ಪಡೆದವರಿಗಿಂತ ಕಡಿಮೆ ಚಿಕಿತ್ಸೆ ಪಡೆದರು. ಅಷ್ಟು ಮಟ್ಟಿಗೆ ಆಕ್ಷೇಪವು ನಿಜ. ಆದರೆ ಅವರು ಬಿಟ್ಟುದು ಅನಾವಶ್ಯಕವಾದುದನ್ನು ಮಾತ್ರವಲ್ಲ, ಆವಶ್ಯಕವಾದುದನ್ನೂ ಸಮನಾಗಿ ಬಿಟ್ಟರು. ಸಾಮಾನ್ಯರ ಆರೋಗ್ಯದಲ್ಲಿ ಹೆಚ್ಚಿನ ಭೇದ ಕಾಣದಿದ್ದರೂ, ಬಡವರಲ್ಲಿ ರಕ್ತದ ಒತ್ತಡವುಳ್ಳವರಿಗೆ ಉಚಿತ ಚಿಕಿತ್ಸೆಯಿಂದ ಹಿತವಾಯಿತು. ರೋಗಿಗೆ ತನ್ನ ನೋವಿನಲ್ಲಿ ಯಾವುದು ಸಣ್ಣದು, ಯಾವುದು ದೊಡ್ಡದು ಎಂದು ತಿಳಿಯದೆಂಬುದು ಇದರ ತಾತ್ಪರ್ಯ. ತಿಳಿದಿದ್ದರೆ ಆತನಿಗೆ ವೈದ್ಯನೇ ಬೇಕಾಗಿರಲಿಲ್ಲ.

ಎರಡನೆಯದು: ಸಂಬಳ ಗೊತ್ತಾದ ಮೇಲೆ ವೈದ್ಯನು ಅಲಕ್ಷ್ಯ ಮಾಡುವನು. ಇದು ಬಲವಾದ ಆಕ್ಷೇಪ. ಎಣಿಕೆಯ ಶುಲ್ಕದಲ್ಲಿ ವೈದ್ಯನಿಗೆ ಹೆಚ್ಚು ಮಾಡುವ ಆಸೆ. ಗೊತ್ತಾದ ಚಂದಾದಲ್ಲಿ ಕಡಿಮೆ ಮಾಡುವ ಆಸೆ. ಇ.ಎಸ್.ಐ. ದವಾಖಾನೆಗಳ ಮುಂದೆ ಗಂಟೆಗಟ್ಟಲೆ ನಿಂತವರ ದೂರು ಇಂದು ನಿನ್ನೆಯದಲ್ಲ. ಇದಕ್ಕೆ ಸಮಾಧಾನವೇನೆಂದರೆ, ಸದಸ್ಯನಿಗೆ ಬಿಟ್ಟುಹೋಗುವ ಸ್ವಾತಂತ್ರ್ಯವಿರಬೇಕು. ಟ್ರೆಡೆಗರಿನ ಗಣಿಯವರು ವೈದ್ಯನನ್ನು ನೇಮಿಸುವ ಅಧಿಕಾರವನ್ನು ತಮ್ಮ ಸಮಿತಿಯಲ್ಲಿಯೇ ಇಟ್ಟುಕೊಂಡಿದ್ದುದೂ, ಸಹಕಾರ ಸಂಘದ ಸದಸ್ಯನಿಗೆ ಸರ್ವಸದಸ್ಯರ ಸಭೆಯಲ್ಲಿ ಎದ್ದು ಕೇಳುವ ಹಕ್ಕಿರುವುದೂ ಇದೇ ಕಾರಣದಿಂದ. ಹಣ ಕೊಟ್ಟವನ ಕೈಯಲ್ಲಿ ಪ್ರಶ್ನಿಸುವ ಅಧಿಕಾರವಿಲ್ಲದ ಚಂದಾವು ತೆರಿಗೆಗಿಂತ ಕೀಳಾದುದು.

ಮೂರನೆಯದು: ಚಂದಾ ಪಡೆದು ಚಿಕಿತ್ಸಾಲಯ ಮುಚ್ಚಿಹೋದರೆ ಗತಿಯೇನು? ಯಾಜ್ಞವಲ್ಕ್ಯನ ನಿಯಮದಂತೆ ವೇತನವನ್ನು ಪಡೆದು ಕೆಲಸವನ್ನು ಬಿಟ್ಟವನು ಅದರ ಇಮ್ಮಡಿಯನ್ನು ತೆರತಕ್ಕವನು. ಇಂದಿನ ವಿಮಾ ಕಂಪನಿಯು ೧೯೩೮ ರ ಶಾಸನಕ್ಕೂ ೧೯೯೯ ರಲ್ಲಿ ಶಾಸನಬದ್ಧವಾದ ವಿಮಾ ಪ್ರಾಧಿಕಾರದ ಕಟ್ಟಳೆಗಳಿಗೂ ಒಳಪಟ್ಟಿದೆ. ಮೊದಲೇ ಇದ್ದ ರೋಗಕ್ಕಾಗಿ ಕಾಯಿಸುವ ಅವಧಿಯನ್ನು ಮೂರು ವರ್ಷಕ್ಕಿಂತ ಹೆಚ್ಚು ಮಾಡಬಾರದೆಂದು ೨೦೨೪ ರಲ್ಲಿ ಆ ಪ್ರಾಧಿಕಾರವೇ ವಿಧಿಸಿತು. ವಿಮೆಯಲ್ಲದ ಚಂದಾವನ್ನು ಅಷ್ಟು ಬಿಗಿಯಾಗಿ ಕಾಯುವ ಪ್ರಾಧಿಕಾರವಿಲ್ಲ. ಆದುದರಿಂದ ವರ್ಷದ ಚಂದಾವನ್ನು ಮುಂಗಡವಾಗಿ ಕೊಡುವುದಕ್ಕಿಂತ ತಿಂಗಳ ಚಂದಾ ಕ್ಷೇಮಕರ.

ನಾಲ್ಕನೆಯದು ಎಲ್ಲಕ್ಕಿಂತ ಗುರುತರವಾದುದು. ಉಳ್ಳವರೆಲ್ಲ ಚಂದಾ ಕೊಟ್ಟು ಒಳ್ಳೆಯ ವೈದ್ಯರನ್ನು ತಮ್ಮ ಕಡೆಗೆ ಸೆಳೆದುಕೊಂಡರೆ ಇಲ್ಲದವರ ಪಾಲಿಗೆ ಉಳಿಯುವುದೇನು? ಎರಡು ಸಾವಿರ ಜನರನ್ನು ನೋಡುತ್ತಿದ್ದ ವೈದ್ಯನು ಆರು ನೂರು ಜನರನ್ನು ಆರಿಸಿಕೊಂಡರೆ ಮಿಕ್ಕ ಸಾವಿರದ ನಾನೂರು ಜನರು ಬೀದಿಯಲ್ಲಿ ನಿಲ್ಲುವರು. ತಿರುಮುಕ್ಕೂಡಲಿನ ಪಕ್ಕದಲ್ಲಿ ಕೋಡಿಯಮಠವೂ ಇರಬೇಕೆಂಬುದು ಇದಕ್ಕೇ. ೧೯೪೬ ರ ಭೋರ್ ಸಮಿತಿಯು ಚಿಕಿತ್ಸೆಗೆ ಹಣ ಕೊಡಲಾರದವನೂ ವಂಚಿತನಾಗಬಾರದೆಂಬ ತತ್ತ್ವದ ಮೇಲೆ ಪ್ರಾಥಮಿಕ ಆರೋಗ್ಯಕೇಂದ್ರಗಳ ಯೋಜನೆಯನ್ನು ಹಾಕಿಕೊಟ್ಟಿತು. ೨೦೨೨ ರ ಡಿಸೆಂಬರಿನಲ್ಲಿ ಆರಂಭವಾದ ಕರ್ನಾಟಕದ ‘ನಮ್ಮ ಕ್ಲಿನಿಕ್’ ಯೋಜನೆಯು ನಗರಗಳಿಗೆ ೪೩೮ ಚಿಕಿತ್ಸಾಲಯಗಳನ್ನು, ಅವುಗಳಲ್ಲಿ ಬೆಂಗಳೂರಿಗೆ ೨೪೩ ನ್ನು ಉದ್ದೇಶಿಸಿದುದು ಅದೇ ತತ್ತ್ವದ ನಗರರೂಪ. ಚಂದಾವೈದ್ಯವು ಇವಕ್ಕೆ ಸಹಕಾರಿಯಾಗಬೇಕಲ್ಲದೆ ಇವುಗಳ ವೈದ್ಯರನ್ನು ಬರಿದುಮಾಡುವ ಸಾಧನವಾಗಬಾರದು.

೬. ಸಂಸಾರಿಗೆ ಅನ್ವಯ

ಮೇಲಿನ ವಿಚಾರವನ್ನು ಜರಗನಹಳ್ಳಿಯಂತಹ ಕಡೆಯ ಸಂಸಾರಗಳಿಗೆ ಅನ್ವಯಿಸಿದರೆ ಹೀಗೆ ತೋರಿಬರುವುದು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದುಡಿಯುವ ಹೆಂಗಸಿನ ವೇತನದಿಂದ ಇ.ಎಸ್.ಐ. ಕಂತು ಕಡಿತವಾಗುತ್ತಿದ್ದರೆ ಆಕೆಯು ಆಗಲೇ ಚಂದಾವೈದ್ಯದ ಸದಸ್ಯೆ. ಆಕೆಗೆ ಬೇಕಾದುದು ಇನ್ನೊಂದು ಚಂದಾ ಅಲ್ಲ, ಸಲ್ಲಬೇಕಾದ ಸೇವೆಯನ್ನು ಕೇಳಿ ಪಡೆಯುವ ಧೈರ್ಯ. ಕೇಂದ್ರಸರ್ಕಾರದ ನಿವೃತ್ತನದೂ ಹೀಗೆಯೇ. ಪಡಿತರದ ಚೀಟಿಯುಳ್ಳ ಬಡ ಕುಟುಂಬಕ್ಕೆ ಆಸ್ಪತ್ರೆಯ ಚಿಕಿತ್ಸೆಗೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗೆ ಆಯುಷ್ಮಾನ್ ಭಾರತ – ಆರೋಗ್ಯ ಕರ್ನಾಟಕದ ಆಶ್ರಯವುಂಟು. ೭೦ ವರ್ಷ ದಾಟಿದವರಿಗೆ ಆದಾಯದ ಎಣಿಕೆಯಿಲ್ಲದೆ ಅಷ್ಟೇ ಮೊತ್ತದ ರಕ್ಷೆಯನ್ನು ಕೇಂದ್ರಸರ್ಕಾರವು ೨೦೨೪ ರ ಅಕ್ಟೋಬರಿನಲ್ಲಿ ಘೋಷಿಸಿತು. ಇವರಿಗೆಲ್ಲ ಕೊರತೆಯಿರುವುದು ದೊಡ್ಡ ಕಾಯಿಲೆಯಲ್ಲಲ್ಲ, ದಿನದ ಕಾಯಿಲೆಯಲ್ಲಿ.

ಆಟೋ ನಡೆಸುವವನೂ ಸಣ್ಣ ಅಂಗಡಿಯವನೂ ನಡುವೆ ಸಿಕ್ಕಿಕೊಂಡವರು. ಇ.ಎಸ್.ಐ. ಅವರಿಗಿಲ್ಲ, ಖಾಸಗಿ ವಿಮೆಯ ಕಂತು ಭಾರ, ಒಂದು ದಿನ ದವಾಖಾನೆಯ ಮುಂದೆ ನಿಂತರೆ ಆ ದಿನದ ಸಂಪಾದನೆಯೇ ಇಲ್ಲ. ಚಂದಾವೈದ್ಯದಿಂದ ಹೆಚ್ಚು ಪ್ರಯೋಜನವಾಗತಕ್ಕುದು ಇವರಿಗೆ. ಆದರೆ ಈಗಿನ ಖಾಸಗಿ ಚಂದಾ ಚಿಕಿತ್ಸಾಲಯಗಳು ಸಂಬಳದ ನೌಕರರನ್ನು ಮುಖ್ಯವಾಗಿ ನೋಡುವುದರಿಂದ, ಇವರಿಗೆ ದಾರಿ ಸಹಕಾರ ಸಂಘಗಳ ಮೂಲಕವೇ ತೆರೆಯಬೇಕು. ಹಾಲಿಗೂ ಸಾಲಕ್ಕೂ ಮನೆ ನಿವೇಶನಕ್ಕೂ ಸಂಘ ಕಟ್ಟಿ ಬಲ್ಲ ನಾಡಿನಲ್ಲಿ ಒಬ್ಬ ವೈದ್ಯನಿಗಾಗಿ ಸಂಘ ಕಟ್ಟುವುದು ಅಶಕ್ಯವಲ್ಲ.

ಖಾಸಗಿಯಾಗಿ ಚಂದಾ ಕೊಡಲು ಹೊರಟ ಸಂಸಾರಿಯು ಮೊದಲು ಐದು ಪ್ರಶ್ನೆಗಳನ್ನು ಕೇಳತಕ್ಕದ್ದು: ಒಬ್ಬ ವೈದ್ಯನಿಗೆ ಎಷ್ಟು ಸದಸ್ಯರು, ಹೋದಾಗಲೆಲ್ಲ ಅದೇ ವೈದ್ಯನು ಸಿಕ್ಕುವನೇ, ಔಷಧವೂ ರಕ್ತಪರೀಕ್ಷೆಯೂ ಚಂದಾದೊಳಗೆ ಸೇರಿವೆಯೇ, ಮುದುಕರನ್ನೂ ಹಳೆಯ ರೋಗಿಗಳನ್ನೂ ಸೇರಿಸಿಕೊಳ್ಳುವರೇ, ಬಿಡಬೇಕೆಂದಾಗ ಉಳಿದ ಹಣ ಹಿಂದಕ್ಕೆ ಬರುವುದೇ. ಇವುಗಳಿಗೆ ಬರವಣಿಗೆಯಲ್ಲಿ ಉತ್ತರ ಸಿಕ್ಕದಿದ್ದರೆ ಆ ಚಂದಾವನ್ನು ಕೊಡದಿರುವುದೇ ಲೇಸು. ಚಂದಾ ಕೊಟ್ಟ ಮಾತ್ರಕ್ಕೆ ವಿಮೆಯನ್ನಾಗಲಿ ಸರ್ಕಾರದ ಆಸ್ಪತ್ರೆರಕ್ಷೆಯನ್ನಾಗಲಿ ಕೈಬಿಡುವುದು ಕೇವಲ ಅವಿವೇಕ. ಹೃದಯದ ಶಸ್ತ್ರಚಿಕಿತ್ಸೆಯನ್ನು ಬೀದಿಯ ಚಿಕಿತ್ಸಾಲಯವು ಮಾಡಲಾರದು.

೭. ಉಪಸಂಹಾರ

ಇದರಿಂದ ಸಿದ್ಧವಾದುದಿಷ್ಟು. ಚಂದಾವೈದ್ಯವು ವಿಮೆಗೆ ಬದಲಲ್ಲ. ವಿಮೆಯು ಮಾಡಲಾರದ ಕೆಲಸಕ್ಕೆ ತಕ್ಕ ಉಪಕರಣ. ಅಪರೂಪದ ದೊಡ್ಡ ಕೇಡಿಗೆ ಸಂಭೂಯವೇ ಸರಿ. ನಿತ್ಯದ ಸಣ್ಣ ಕೇಡಿಗೆ ವೃತ್ತಿಯೇ ಸರಿ. ಎರಡನ್ನೂ ಕೊಳ್ಳಲಾರದವನಿಗೆ ದಾನವೂ ರಾಜಧರ್ಮವೂ ಸರಿ. ಹೊಸದೆಂದು ಮಾರುವವರು ಹೇಳುವ ಈ ಪದ್ಧತಿಯ ಬೇರು ನಮ್ಮ ಕಣಗಳಲ್ಲಿಯೇ ಇದ್ದಿತು. ಚರಕನು ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳಿರುವನು. ಆ ನಾಲ್ಕನ್ನೂ ಒಂದೇ ಮನೆಯಂಗಳದಲ್ಲಿ ಕೂಡಿಸುತ್ತಿದ್ದ ಊರಿನ ಕಟ್ಟು ಜರಗನಹಳ್ಳಿಯಂತಹ ಕಡೆಗಳಲ್ಲಿ ಅಳಿದುಹೋಗಿದೆ. ಅದನ್ನು ಜಾತಿಯಿಲ್ಲದೆ, ಬಲಾತ್ಕಾರವಿಲ್ಲದೆ, ಸದಸ್ಯರ ಇಚ್ಛೆಯಿಂದಲೇ ಮತ್ತೆ ಕಟ್ಟಿಕೊಳ್ಳಬಹುದೇ ಎಂಬುದು ಈಗಿನ ಪ್ರಶ್ನೆ. ಅಕ್ಕಪಕ್ಕದ ಮನೆಗಳವರಿಗೆ ಮೊದಲು ಒಬ್ಬರ ಹೆಸರು ಒಬ್ಬರಿಗೆ ತಿಳಿದಿರುವುದು ಅದಕ್ಕೆ ಆರಂಭ. ಚಂದಾದ ಪುಸ್ತಕವು ಆಮೇಲಿನ ಮಾತು.